ಹೊಸಬರ ಟ್ಯೂನ್ ಕೇಳಿ ಏನಂತ ಹೇಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೋ ಒಬ್ಬರು ರಾತ್ರಿಯೆಲ್ಲ ಕೂತು ಮೂರು ನಿಮಿಷದ ವಾದ್ಯಸಂಗೀತ ಮಾಡಿರುತ್ತಾರೆ. ಲಿಂಕ್ ಕಳಿಸಿ ‘ಕೇಳಿ, ಹೇಗಿದೆ ಹೇಳಿ’ ಎನ್ನುತ್ತಾರೆ. ನಾವು ಕೇಳುತ್ತೇವೆ. ಏನು ಬರೆಯಬೇಕೋ ತಿಳಿಯದೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೇವೆ. ಹಾಡಾಗಿದ್ದರೆ ಸಾಹಿತ್ಯವನ್ನೋ ದನಿಯನ್ನೋ ಹಿಡಿದು ಏನಾದರೂ ಮಾತಾಡಬಹುದಿತ್ತು. ಪದವೇ ಇಲ್ಲದ ಸಂಗೀತದ ಬಗ್ಗೆ ಪದಗಳಲ್ಲಿ ಹೇಳುವುದು ನಿಜಕ್ಕೂ ಕಷ್ಟ. ನಾನು ಟ್ಯೂನ್ ಕಳಿಸಿ ಉತ್ತರಕ್ಕೆ ಕಾದವನೂ ಹೌದು, ಬೇರೆಯವರದ್ದು ಕೇಳಿ ಉದ್ದುದ್ದ ಬರೆದವನೂ ಹೌದು. ಈ ವಿಷಯದಲ್ಲಿ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ನನಗೆ ಸಂಗೀತ ಬರುವುದಿಲ್ಲ. ನಾನು ಅಭಿಪ್ರಾಯ ಹೇಳಬಹುದಾ?

ಧಾರಾಳವಾಗಿ. ಟ್ಯೂನ್ ಮಾಡಿದವರಿಗೆ ಬೇಕಾದ ಒಂದು ವಿಷಯ ನಿಮ್ಮ ಹತ್ತಿರ ಮಾತ್ರ ಇದೆ: ಅದನ್ನು ಮೊದಲ ಸಲ ಕೇಳುವ ಕಿವಿ. ಅವರು ಅದೇ ತುಣುಕನ್ನು ನೂರಾರು ಸಲ ಕೇಳಿರುತ್ತಾರೆ. ಎಲ್ಲಿ ಬೇಸರ ಬರುತ್ತದೆ, ಎಲ್ಲಿ ಮೈ ಜುಮ್ಮೆನ್ನುತ್ತದೆ ಎಂಬುದು ಅವರಿಗೆ ಈಗ ಗೊತ್ತಾಗುವುದೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವಲ್ಲ, ಇಲ್ಲಿ ಅದರ ಉಲ್ಟಾ ಕೂಡ ಆಗುತ್ತದೆ. ಕೇಳಿ ಕೇಳಿ ಸಾಕಾಗಿ, ಚೆನ್ನಾಗಿರುವ ಭಾಗವನ್ನೇ ಕಿತ್ತು ಹಾಕುವವರನ್ನು ನಾನು ನೋಡಿದ್ದೇನೆ.

‘1 ನಿಮಿಷ 10 ಸೆಕೆಂಡಿನಲ್ಲಿ ಕೊಳಲು ಬಂದಾಗ ಏನೋ ಶುರುವಾಗುತ್ತದೆ ಅನ್ನಿಸಿತು, ಆದರೆ ಶುರುವಾಗಲಿಲ್ಲ.’ ಇದನ್ನು ಬರೆಯುವುದಕ್ಕೆ ರಾಗವೂ ಗೊತ್ತಿರಬೇಕಿಲ್ಲ, ಶಾಸ್ತ್ರವೂ ಗೊತ್ತಿರಬೇಕಿಲ್ಲ. ಆದರೆ ಟ್ಯೂನ್ ಮಾಡಿದವರಿಗೆ ಇದು ಚಿನ್ನ. ಅರ್ಧಂಬರ್ಧ ಗೊತ್ತಿರುವ ಶಬ್ದಗಳನ್ನು ಸುಮ್ನೆ ಎಳೆದು ತರಬೇಡಿ, ಅಷ್ಟೇ. ‘ಕೌಂಟರ್‌ಪಾಯಿಂಟ್ ಸರಿಯಿಲ್ಲ’ (ಬೇರೆ ಬೇರೆ ಮೆಲಡಿಗಳನ್ನು ಒಟ್ಟಿಗೆ ಹೆಣೆಯುವುದು) ಎಂದು ಬರೆದು, ಆಮೇಲೆ ‘ಯಾವ ಜಾಗದಲ್ಲಿ?’ ಎಂದು ಕೇಳಿದಾಗ ಮಾಯವಾದವರು ಬೇಕಾದಷ್ಟು ಜನ ಇದ್ದಾರೆ.

ಎಷ್ಟು ಸಲ ಕೇಳಿ ಬರೆಯಬೇಕು?

ಕಡಿಮೆ ಎಂದರೂ ಎರಡು ಸಲ. ಮೊದಲ ಸಲ ಎಲ್ಲೂ ನಿಲ್ಲಿಸಬೇಡಿ, ಏನನ್ನೂ ಬರೆದುಕೊಳ್ಳಬೇಡಿ. ಆ ಮೊದಲ ಕೇಳುವಿಕೆ ಮತ್ತೆ ಸಿಗುವುದಿಲ್ಲ. ಮುಗಿದ ತಕ್ಷಣ ಒಂದು ಸಾಲು ಬರೆಯಿರಿ: ಏನು ನೆನಪಿದೆ? ಯಾವುದಾದರೂ ನಾಲ್ಕು ಸ್ವರ ಗುನುಗಲು ಬರುತ್ತದೆಯೇ? ಬಂದರೆ ಅದನ್ನು ಹೇಳಲೇಬೇಕು. ಬರದಿದ್ದರೆ ಅದೂ ಒಂದು ಸುದ್ದಿಯೇ.

ಎರಡನೇ ಸಲ ಸಮಯ ನೋಡಿಕೊಂಡು ಕೇಳಿ. ಗಮನ ಜಾರಿದ್ದು ಎಲ್ಲಿ, ಬೆಚ್ಚಿದ್ದು ಎಲ್ಲಿ, ಕಿರಿಕಿರಿಯಾಗಿದ್ದು ಎಲ್ಲಿ, ನಿಮಿಷ ಸೆಕೆಂಡು ಸಮೇತ ಗುರುತು ಹಾಕಿ. ಈ ಸಮಯದ ಗುರುತು ಒಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ‘ಮಧ್ಯದಲ್ಲಿ ಎಲ್ಲೋ’ ಎಂದರೆ ಅವರು ಎಲ್ಲಿ ಅಂತ ಹುಡುಕಬೇಕು?

ಫೋನ್ ಸ್ಪೀಕರಿನಲ್ಲಿ ಕೇಳಿದರೆ ನಡೆಯುತ್ತದಾ?

ನನ್ನ ಒಂದು ಮರ್ಯಾದೆ ಹೋದ ಕಥೆ ಹೇಳುತ್ತೇನೆ. ಒಬ್ಬರ ಟ್ಯೂನಿಗೆ ನಾನು ಒಂದು ಪುಟ ಬರೆದಿದ್ದೆ. ‘ಕೆಳಗಿನ ಸ್ವರಗಳೇ ಇಲ್ಲ, ಬಾಸ್ ಇಲ್ಲದೆ ಎಲ್ಲ ಗಾಳಿಯಲ್ಲಿ ತೇಲುತ್ತಿದೆ, ಒಂದು ಬಾಸ್ ಗಿಟಾರ್ ಸೇರಿಸಿ’ ಅಂತೆಲ್ಲ. ಅವರು ತುಂಬ ವಿನಯದಿಂದ ‘ನೀವು ಯಾವುದರಲ್ಲಿ ಕೇಳಿದಿರಿ?’ ಎಂದು ಕೇಳಿದರು. ಹೆಡ್‌ಫೋನ್ ಹಾಕಿ ಕೇಳಿದೆ. ಬಾಸ್ ಗಿಟಾರ್ ಮೊದಲ ಸೆಕೆಂಡಿನಿಂದ ಕೊನೆಯವರೆಗೂ ಇತ್ತು. ನಾನು ಕೇಳಿದ್ದು ಫೋನಿನ ಪುಟಾಣಿ ಸ್ಪೀಕರಿನಲ್ಲಿ.

ಕಾರಣ ಸರಳ. ಬಾಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಸ್. ಬೆರಳಿನ ಅಗಲದ ಸ್ಪೀಕರಿಗೆ ಅಷ್ಟು ಗಾಳಿಯನ್ನು ತಳ್ಳುವ ತಾಕತ್ತು ಇರುವುದಿಲ್ಲ. 200 ಹರ್ಟ್ಸ್‌ಗಿಂತ ಕೆಳಗಿನದ್ದು ಅದರಲ್ಲಿ ತೀರಾ ಕ್ಷೀಣ. ಇನ್ನೊಂದು ವಿಷಯ: ಸದ್ದು ಕಡಿಮೆ ಇಟ್ಟು ಕೇಳಿದರೆ ನಮ್ಮ ಕಿವಿಯೇ ತಗ್ಗಿನ ಸ್ವರಗಳನ್ನು ಕಡಿಮೆ ಗ್ರಹಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ರಾತ್ರಿ ಮನೆಯವರಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಕೇಳಿ ‘ಬಾಸ್ ಸಾಲದು’ ಎಂದು ತೀರ್ಪು ಕೊಡಬೇಡಿ.

ಸಾಧಾರಣ ಹೆಡ್‌ಫೋನ್ ಸಾಕು. ಯಾವುದರಲ್ಲಿ ಕೇಳಿದಿರಿ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ. ಫೋನಿನಲ್ಲೇ ಕೇಳಿದ್ದರೂ ಹೇಳಿ, ಅದೂ ಉಪಯೋಗಕ್ಕೆ ಬರುತ್ತದೆ. ನಾಳೆ ಜಾಸ್ತಿ ಜನ ಕೇಳುವುದು ಫೋನಿನಲ್ಲೇ ಅಲ್ವಾ?

‘ಸೂಪರ್, ಚೆನ್ನಾಗಿದೆ’ ಎಂದರೆ ಸಾಲದಾ?

ಖುಷಿಗೆ ಸಾಕು, ಕೆಲಸಕ್ಕೆ ಸಾಲದು. ‘ಚೆನ್ನಾಗಿದೆ’ ಎನ್ನುವುದನ್ನು ಓದಿ ಅವರು ಮುಂದಿನ ಟ್ಯೂನಿನಲ್ಲಿ ಏನನ್ನು ಉಳಿಸಿಕೊಳ್ಳಬೇಕು? ಹೊಗಳಿಕೆಗೂ ವಿಳಾಸ ಬೇಕು. ‘ಎರಡನೇ ಭಾಗದಲ್ಲಿ ಪಿಟೀಲು ಅದೇ ಸಾಲನ್ನು ಒಂದು ಸ್ಥಾಯಿ ಕೆಳಗೆ ನುಡಿಸಿತಲ್ಲ, ಅಲ್ಲಿ ಗಂಟಲು ಕಟ್ಟಿತು’ ಎಂದರೆ ಅವರಿಗೆ ಒಂದು ಉಪಕರಣ ಕೈಗೆ ಸಿಕ್ಕಿತು. ಜನ ಟೀಕೆಯನ್ನು ಮಾತ್ರ ವಿವರವಾಗಿ ಬರೆಯುತ್ತಾರೆ, ಹೊಗಳಿಕೆಯನ್ನು ಒಂದೇ ಪದದಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಇದು ದೊಡ್ಡ ನಷ್ಟ. ಹೊಸಬರಿಗೆ ತಾವು ಎಲ್ಲಿ ಎಡವಿದ್ದೇವೆ ಎಂಬ ಅಂದಾಜು ಅಷ್ಟಿಷ್ಟು ಇರುತ್ತದೆ. ಎಲ್ಲಿ ಗೆದ್ದಿದ್ದೇವೆ ಎಂಬುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಬೋರ್ ಆಯಿತು. ಇದನ್ನು ಹೇಗೆ ಹೇಳುವುದು?

‘ಬೋರ್’ ಎನ್ನುವುದು ಫಲಿತಾಂಶ. ಕಾರಣ ಬೇರೆಲ್ಲೋ ಇರುತ್ತದೆ. ಸ್ವಲ್ಪ ಕೆದಕಬೇಕು.

ವಾದ್ಯಸಂಗೀತದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಗುವ ಕಾರಣ: ಕಾಪಿ, ಪೇಸ್ಟ್. ಕಂಪ್ಯೂಟರಿನಲ್ಲಿ ಎಂಟು ಆವರ್ತದ ಒಂದು ತುಣುಕು ಮಾಡಿ, ಅದನ್ನೇ ನಾಲ್ಕು ಸಲ ಅಂಟಿಸಿರುತ್ತಾರೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಬಡಿತ, ಆವರ್ತಕ್ಕೆ ನಾಲ್ಕು ಬಡಿತ ಎಂದರೆ ಒಂದು ಆವರ್ತ ಎರಡು ಸೆಕೆಂಡು. ಎಂಟು ಆವರ್ತಕ್ಕೆ 16 ಸೆಕೆಂಡು. ನಾಲ್ಕು ಸಲ ಎಂದರೆ 64 ಸೆಕೆಂಡು. ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಹೊಸದೇನೂ ನಡೆದಿಲ್ಲ! ಹಾಡಿನಲ್ಲಾದರೆ ಪ್ರತಿ ಚರಣಕ್ಕೆ ಪದ ಬದಲಾಗುತ್ತದೆ, ಅದೇ ಟ್ಯೂನ್ ಮರಳಿ ಬಂದರೂ ಕಿವಿ ಕಾಯುತ್ತದೆ. ಇಲ್ಲಿ ಆ ಆಸರೆ ಇಲ್ಲ.

ಇದನ್ನು ಹೀಗೆ ಬರೆಯಬಹುದು: ‘ಮೊದಲ ಸಾಲು ಎರಡನೇ ಸಲ ಬಂದಾಗ ಖುಷಿಯಾಯಿತು, ಪರಿಚಯದವರನ್ನು ಕಂಡ ಹಾಗೆ. ಮೂರನೇ ಸಲ, 0:48ರ ಹೊತ್ತಿಗೆ, ನನ್ನ ಗಮನ ಜಾರಿತು. ಅಲ್ಲಿ ಏನೂ ಬದಲಾಗದೆ ಇರುವುದು ಬೇಕೆಂದೇ ಮಾಡಿದ್ದಾ?’ ಆ ಕೊನೆಯ ಪ್ರಶ್ನೆ ಮುಖ್ಯ. ಕೆಲವು ಸಂಗೀತ ಮರುಕಳಿಕೆಯ ಮೇಲೆಯೇ ನಿಂತಿರುತ್ತದೆ. ಧ್ಯಾನಕ್ಕೆ ಮಾಡಿದ್ದಿರಬಹುದು, ಗೇಮಿನ ಹಿನ್ನೆಲೆಗೆ ಇರಬಹುದು. ಅಲ್ಲಿ ಗಮನ ಜಾರಬೇಕು ಎಂಬುದೇ ಉದ್ದೇಶ ಆಗಿದ್ದರೆ ನಿಮ್ಮ ದೂರು ಅವರ ಗೆಲುವು.

ಎರಡನೇ ಕಾರಣ, ಎಲ್ಲ ವಾದ್ಯಗಳೂ ಮೊದಲಿನಿಂದಲೇ ಹಾಜರ್. ಹತ್ತನೇ ಸೆಕೆಂಡಿನಲ್ಲೇ ಡ್ರಮ್, ಪಿಯಾನೋ, ತಂತಿವಾದ್ಯ, ಕೊಳಲು ಎಲ್ಲ ಬಂದು ಕೂತರೆ ಆಮೇಲೆ ಯಾರು ಬರಬೇಕು? ಮೂರನೆಯದು, ಮೊದಲಿನಿಂದ ಕೊನೆವರೆಗೆ ಒಂದೇ ಮಟ್ಟದ ಸದ್ದು. ನಾಲ್ಕನೆಯದು ಸ್ವಲ್ಪ ಸೂಕ್ಷ್ಮ: ಮೆಲಡಿ ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಮಾತಿನಲ್ಲಿ ಅಲ್ಪವಿರಾಮ ಇಲ್ಲದಿದ್ದರೆ ಹೇಗೋ ಹಾಗೆ. ಇದನ್ನು ಪತ್ತೆ ಮಾಡಲು ಜೊತೆಯಲ್ಲಿ ಗುನುಗಿ ನೋಡಿ. ನಿಮಗೆ ಉಸಿರು ಕಟ್ಟಿದರೆ ಕೇಳುವವರಿಗೂ ಕಟ್ಟುತ್ತದೆ.

ಟ್ಯೂನಿನ ತಪ್ಪಾ, ಮಿಕ್ಸಿಂಗಿನ ತಪ್ಪಾ ಗೊತ್ತಾಗುವುದು ಹೇಗೆ?

ಒಂದು ಸುಲಭ ಪರೀಕ್ಷೆ ಇದೆ. ಇದನ್ನೇ ಒಂದು ಪಿಯಾನೋದಲ್ಲಿ ಸುಮ್ನೆ ನುಡಿಸಿದರೆ ಆಗಲೂ ಈ ತೊಂದರೆ ಇರುತ್ತಿತ್ತಾ? ಇರುತ್ತಿತ್ತು ಎಂದರೆ ಸಂಯೋಜನೆಯದ್ದು. ಇಲ್ಲ ಎಂದರೆ ವಾದ್ಯಗಳ ಹಂಚಿಕೆಯದ್ದೋ ಮಿಕ್ಸಿಂಗಿನದ್ದೋ (ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವುದು).

‘ಗಜಿಬಿಜಿ’ ಅನ್ನಿಸುವುದು ಹೆಚ್ಚಾಗಿ ಎರಡನೇ ಜಾತಿಗೆ ಸೇರಿದ್ದು. ಪಿಯಾನೋದ ಎಡಗೈ, ಚೆಲ್ಲೋ, ಗಿಟಾರಿನ ಕಾರ್ಡ್‌ಗಳು (ಇಸ್ಪೀಟಿನದ್ದಲ್ಲ, ಮೂರ್ನಾಲ್ಕು ಸ್ವರ ಒಟ್ಟಿಗೆ ಹಿಡಿಯುವುದು) ಎಲ್ಲ 200ರಿಂದ 500 ಹರ್ಟ್ಸ್ ನಡುವೆ ಬಂದು ನೂಕುನುಗ್ಗಲು ಮಾಡುತ್ತವೆ. ಪರಿಹಾರ ಯಾವಾಗಲೂ ಈಕ್ವಲೈಸರ್ (ತಗ್ಗಿನ, ಮೇಲಿನ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಅಲ್ಲ. ಒಂದು ವಾದ್ಯವನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸಿದರೆ ಅಥವಾ ಸುಮ್ಮನಿರಿಸಿದರೆ ಎಷ್ಟೋ ಸಲ ಜಾಗ ತಾನಾಗಿ ಸಿಗುತ್ತದೆ.

ಎಲ್ಲಿಂದ ಶುರು ಮಾಡಬೇಕು? ಟ್ಯೂನಿನಿಂದ. ಮೆಲಡಿಯೇ ಬದಲಾಗಲಿಕ್ಕಿರುವಾಗ ರಿವರ್ಬ್ (ಪ್ರತಿಧ್ವನಿಯ ಗುಂಗು) ಜಾಸ್ತಿಯಾಯಿತು ಎಂದು ಎರಡು ಪ್ಯಾರಾ ಬರೆಯುವುದು ಗೋಡೆ ಕಟ್ಟುವ ಮೊದಲೇ ಬಣ್ಣದ ಜಗಳ ಆಡಿದ ಹಾಗೆ.

‘ಯಂತ್ರದ ಥರ ಕೇಳುತ್ತದೆ’ ಎನ್ನುವುದಕ್ಕೆ ನಿಜವಾದ ಅರ್ಥ ಏನು?

ಎರಡು ಅರ್ಥ ಇರಬಹುದು. ಒಂದು, ಪ್ರತಿ ಸ್ವರವೂ ಗಡಿಯಾರದ ಮುಳ್ಳಿನ ಹಾಗೆ ಸರಿಯಾಗಿ ಬಡಿತದ ಮೇಲೇ ಬೀಳುತ್ತಿದೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಕ್ವಾಂಟೈಸ್ ಎನ್ನುತ್ತಾರೆ. ಮನುಷ್ಯರ ಕೈ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ, ಆ ಜೀವ ಇಲ್ಲಿ ಹೋಗಿರುತ್ತದೆ. ಎರಡು, ಪ್ರತಿ ಸ್ವರಕ್ಕೂ ಒಂದೇ ಒತ್ತು. 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ (ಕೀಬೋರ್ಡೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ) ಸ್ವರವನ್ನು ಎಷ್ಟು ಜೋರಾಗಿ ಒತ್ತಿದರು ಎಂಬುದಕ್ಕೆ 1ರಿಂದ 127ರವರೆಗೆ ಅಂಕಿ ಇದೆ, ಹೆಸರು ವೆಲಾಸಿಟಿ. ಮೌಸ್‌ನಿಂದ ಸ್ವರ ಹಾಕುವವರು ಎಲ್ಲವನ್ನೂ 100ರಲ್ಲೇ ಬಿಟ್ಟಿರುತ್ತಾರೆ. ಮಾತಿನಲ್ಲಿ ಪ್ರತಿ ಅಕ್ಷರವನ್ನೂ ಒತ್ತಿ ಹೇಳಿದರೆ ಹೇಗಿರುತ್ತದೆ? ಹಾಗೆ.

‘ಯಂತ್ರದ ಥರ’ ಎಂದು ಬಿಟ್ಟರೆ ಅವರಿಗೆ ಬೇಸರ ಮಾತ್ರ. ‘ಪಿಯಾನೋದ ಸ್ವರಗಳೆಲ್ಲ ಒಂದೇ ಬಲದಲ್ಲಿ ಕೇಳಿದವು, ವೆಲಾಸಿಟಿ ಒಮ್ಮೆ ನೋಡುತ್ತೀರಾ?’ ಎಂದರೆ ಹತ್ತು ನಿಮಿಷದ ಕೆಲಸ.

ನಿಜವಾದ ವಾದ್ಯದಲ್ಲಿ ಇದನ್ನು ನುಡಿಸಲು ಆಗುವುದಿಲ್ಲ. ಹೇಳಬೇಕಾ?

ಮೊದಲು ಕೇಳಿ: ಇದು ಕಂಪ್ಯೂಟರಿನಲ್ಲೇ ಉಳಿಯುವುದಾ, ಯಾರಾದರೂ ನುಡಿಸಲಿಕ್ಕಿದೆಯಾ? ಕಂಪ್ಯೂಟರಿನಲ್ಲೇ ಉಳಿಯುವುದಾದರೆ ಅಸಾಧ್ಯವೂ ಒಂದು ಬಣ್ಣ. ನುಡಿಸಲಿಕ್ಕಿದ್ದರೆ ಖಂಡಿತ ಹೇಳಿ. ಪಿಟೀಲಿನ ಪಾಶ್ಚಾತ್ಯ ಶ್ರುತಿಯಲ್ಲಿ ಅತಿ ತಗ್ಗಿನ ತಂತಿ 196 ಹರ್ಟ್ಸ್. ಅದಕ್ಕಿಂತ ಕೆಳಗೆ ಬರೆದರೆ ತಂತಿಯೇ ಇಲ್ಲ. ಟ್ರಂಪೆಟ್ ನುಡಿಸುವವರಿಗೆ ಶ್ವಾಸಕೋಶ ಇದೆ, ಎರಡು ನಿಮಿಷ ಬಿಡುವಿಲ್ಲದೆ ಊದಲು ಹೆಚ್ಚಿನವರಿಗೆ ಆಗುವುದಿಲ್ಲ. ಪಿಯಾನೋದಲ್ಲಿ ಹನ್ನೆರಡು ಬೆರಳು ಬೇಕಾದ ಕಾರ್ಡ್ ನಾನೇ ಬರೆದಿದ್ದೇನೆ, ನಾಚಿಕೆ ಏನಿಲ್ಲ.

ದೊಡ್ಡವರೂ ಇದನ್ನು ಕೇಳಿಯೇ ಕಲಿತದ್ದು. ಜರ್ಮನ್ ಸಂಯೋಜಕ ಬ್ರಾಮ್ಸ್ ಪಿಯಾನೋದವರು. 1878ರಲ್ಲಿ ಪಿಟೀಲಿಗೆ ಕಾನ್ಚರ್ಟೋ (ಒಂದು ವಾದ್ಯ ಮುಂದೆ ನಿಂತು, ವಾದ್ಯವೃಂದ ಜೊತೆ ಕೊಡುವ ಕೃತಿ) ಬರೆಯುವಾಗ ತಮ್ಮ ಸ್ನೇಹಿತ, ಪಿಟೀಲು ವಾದಕ ಯೋಸೆಫ್ ಯೋಅಖಿಮ್‌ಗೆ ಪಿಟೀಲಿನ ಭಾಗ ಕಳಿಸಿದರು. ಕಷ್ಟವಾದದ್ದು, ಕೈಗೆ ಒಗ್ಗದ್ದು, ಅಸಾಧ್ಯವಾದದ್ದು ಯಾವುದು ಎಂದು ಗುರುತು ಹಾಕಿಕೊಡಿ ಎಂಬುದು ಅವರ ಕೋರಿಕೆ. ಯೋಅಖಿಮ್ ಹಾಕಿಕೊಟ್ಟರು. ಬ್ರಾಮ್ಸ್ ಕೆಲವನ್ನು ಒಪ್ಪಿದರು, ಹಲವನ್ನು ಬಿಟ್ಟರು. ಯೋಅಖಿಮ್ ಮುನಿಸಿಕೊಳ್ಳಲಿಲ್ಲ, 1879ರ ಜನವರಿ 1ರಂದು ಲೈಪ್‌ಜಿಗ್‌ನಲ್ಲಿ ಅದನ್ನು ಮೊದಲ ಬಾರಿಗೆ ನುಡಿಸಿದವರು ಅವರೇ. ಕೇಳಿದ ರೀತಿ, ಹೇಳಿದ ರೀತಿ, ಬಿಟ್ಟ ರೀತಿ, ಮೂರೂ ನನಗೆ ಇಷ್ಟ.

ಆ ಶೈಲಿಯೇ ನನಗೆ ಹಿಡಿಸುವುದಿಲ್ಲ. ಆಗ?

ಬಿಟ್ಟುಬಿಡಿ. ಎಲ್ಲದಕ್ಕೂ ಅಭಿಪ್ರಾಯ ಹೇಳಲೇಬೇಕು ಅಂತೇನಿಲ್ಲ. ಅವರು ನಿಮ್ಮನ್ನೇ ಕೇಳಿದ್ದರೆ ‘ನಾನು ಈ ಥರದ್ದು ಕೇಳುವವನಲ್ಲ, ಹೊರಗಿನವನ ಕಿವಿ ಎಂದು ತಿಳಿದು ಓದಿ’ ಎಂದು ಶುರು ಮಾಡಿ.

‘ಹೀಗೆ ಮಾಡಿ’ ಎಂದು ಪರಿಹಾರ ಹೇಳಬಹುದಾ?

ಹೇಳಬಹುದು, ಆದರೆ ತೊಂದರೆ ಹೇಳಿದ ಮೇಲೆ. ನಮ್ಮಲ್ಲಿ ಜಾಸ್ತಿ ಜನ ತೊಂದರೆಯನ್ನು ಹಾರಿ ನೇರ ಪರಿಹಾರಕ್ಕೆ ಬರುತ್ತೇವೆ: ‘ಇಲ್ಲಿ ಡ್ರಮ್ ಹಾಕಿ.’ ಯಾಕೆ ಹಾಕಬೇಕು? ‘ಈ ಭಾಗ ಹಿಂದಿನದ್ದಕ್ಕಿಂತ ಸಪ್ಪೆ ಅನ್ನಿಸಿತು’ ಎಂದು ಹೇಳಿದ್ದರೆ, ಅವರು ಡ್ರಮ್ ಹಾಕದೆ ಹಿಂದಿನ ಭಾಗವನ್ನೇ ತಗ್ಗಿಸಿ ಸರಿ ಮಾಡುತ್ತಿದ್ದರೇನೋ. ನಿಮ್ಮ ಪರಿಹಾರ ನಿಮ್ಮ ಟ್ಯೂನಿಗೆ ಸರಿಹೊಂದುವಂಥದ್ದು. ಅವರು ಮಾಡಲು ಹೊರಟ ಟ್ಯೂನ್ ಬೇರೆಯೇ ಇರುತ್ತದೆ.

1874ರ ಕೊನೆಯಲ್ಲಿ ರಷ್ಯಾದ ಸಂಯೋಜಕ ಚೈಕೋವ್‌ಸ್ಕಿ ತಮ್ಮ ಮೊದಲ ಪಿಯಾನೋ ಕಾನ್ಚರ್ಟೋವನ್ನು ಪಿಯಾನೋ ವಾದಕ ನಿಕೊಲಾಯ್ ರೂಬಿನ್‌ಸ್ಟೈನ್ ಮುಂದೆ ನುಡಿಸಿದರು. ಚೈಕೋವ್‌ಸ್ಕಿಗೆ ಬೇಕಾಗಿದ್ದು ಒಂದೇ: ಪಿಯಾನೋದ ಭಾಗ ಕೈಗೆ ಸರಿ ಬರುತ್ತದಾ ಎಂದು. ರೂಬಿನ್‌ಸ್ಟೈನ್ ಮೊದಲ ಭಾಗ ಮುಗಿದರೂ ತುಟಿ ಬಿಚ್ಚಲಿಲ್ಲ. ಎಲ್ಲ ಮುಗಿದ ಮೇಲೆ ಇಡೀ ಕೃತಿಯನ್ನೇ ಜಾಲಾಡಿದರು. ಇದನ್ನೆಲ್ಲ ತಿದ್ದಿದರೆ ನುಡಿಸುತ್ತೇನೆ ಎಂದೂ ಹೇಳಿದರು. ಒಂದು ಸ್ವರವನ್ನೂ ಬದಲಿಸುವುದಿಲ್ಲ ಎಂದು ಚೈಕೋವ್‌ಸ್ಕಿ ಉತ್ತರ ಕೊಟ್ಟರು. 1875ರಲ್ಲಿ ಬಾಸ್ಟನ್‌ನಲ್ಲಿ ಹಾನ್ಸ್ ಫಾನ್ ಬ್ಯೂಲೋ ಅದನ್ನು ನುಡಿಸಿದರು. ಕಥೆಯ ಮಜಾ ಇರುವುದು ಆಮೇಲೆ: ಚೈಕೋವ್‌ಸ್ಕಿ 1879ರಲ್ಲೂ 1888ರಲ್ಲೂ ಅದನ್ನು ತಿದ್ದಿದರು. ರೂಬಿನ್‌ಸ್ಟೈನ್ ಕೂಡ ಮುಂದೆ ಅದೇ ಕೃತಿಯನ್ನು ಮೆಚ್ಚಿ ನುಡಿಸಿದರು. ಅಂದರೆ ತಿದ್ದಲು ಜಾಗ ಇತ್ತು. ಕೇಳಿದ ಪ್ರಶ್ನೆಯಷ್ಟಕ್ಕೇ ನಿಲ್ಲದೆ ಎಲ್ಲವನ್ನೂ ಜಾಲಾಡಿದ್ದರಿಂದ ಆ ದಿನ ಕಿವಿ ಮುಚ್ಚಿಹೋಯಿತು.

ಕಟುವಾಗಿ ಹೇಳಿದರೆ ಗಟ್ಟಿಯಾಗುತ್ತಾರೆ ಅಲ್ವಾ?

ಈ ಮಾತು ಹೇಳುವವರು ಸಾಮಾನ್ಯವಾಗಿ ಹೇಳಿಸಿಕೊಂಡವರಲ್ಲ. 1897ರಲ್ಲಿ ರಷ್ಯಾದ ಸಂಯೋಜಕ ರಾಕ್ಮಾನಿನಾಫ್ ಅವರ ಮೊದಲ ಸಿಂಫನಿ (ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ) ಸೋತಿತು. ಸೀಸರ್ ಕುಯಿ ಎಂಬ ವಿಮರ್ಶಕರು ಅದನ್ನು ಬೈಬಲ್ಲಿನ ಕಥೆಯಲ್ಲಿ ಈಜಿಪ್ಟಿಗೆ ಬಂದ ಪಿಡುಗುಗಳಿಗೆ ಹೋಲಿಸಿ ಬರೆದರು. ಆ ಮೇಲೆ ಸುಮಾರು ಮೂರು ವರ್ಷ ರಾಕ್ಮಾನಿನಾಫ್ ಹೆಚ್ಚೇನೂ ಬರೆಯಲಿಲ್ಲ. ನಿಕೊಲಾಯ್ ಡಾಲ್ ಎಂಬ ವೈದ್ಯರ ಚಿಕಿತ್ಸೆ ಪಡೆದ ನಂತರ ಬಂದ ಎರಡನೇ ಪಿಯಾನೋ ಕಾನ್ಚರ್ಟೋವನ್ನು ಅದೇ ವೈದ್ಯರಿಗೆ ಅರ್ಪಿಸಿದ್ದಾರೆ. ಅಷ್ಟು ಪ್ರತಿಭೆ ಇದ್ದವರ ಗತಿಯೇ ಹೀಗಾದರೆ, ಮೊನ್ನೆ ಮೊನ್ನೆ ಕೀಬೋರ್ಡ್ ಕೊಂಡವರ ಪಾಡೇನು?

ಹಾಗಂತ ಸುಳ್ಳು ಹೊಗಳಬೇಕಿಲ್ಲ. ‘ನೀವು’ ಎನ್ನುವ ಕಡೆ ‘ಇಲ್ಲಿ’ ಎಂದು ಬರೆದರೆ ಅರ್ಧ ಕಹಿ ಇಳಿಯುತ್ತದೆ. ‘ನಿಮಗೆ ತಾಳ ಗೊತ್ತಿಲ್ಲ’ ಎನ್ನುವುದಕ್ಕೂ ‘1:32ರಲ್ಲಿ ಡ್ರಮ್ಮೂ ಗಿಟಾರೂ ಬೇರೆ ಬೇರೆಯಾದವು’ ಎನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದು ಜಾಸ್ತಿ ನಿಖರ ಕೂಡ.

ಎಷ್ಟು ತಪ್ಪು ಹೇಳಬೇಕು?

ಎರಡು. ತೀರಾ ಎಂದರೆ ಮೂರು. ಹದಿನೈದು ಹೇಳಿದರೆ ಅವರು ಮೊದಲು ಸರಿ ಮಾಡುವುದು ಅತಿ ಸುಲಭದ್ದನ್ನು, ಅತಿ ಮುಖ್ಯವಾದದ್ದನ್ನಲ್ಲ.

ಎಲ್ಲೋ ಕೇಳಿದ ಹಾಗಿದೆ. ಕದ್ದಿದ್ದಾರೆ ಎನ್ನಬಹುದಾ?

ಆ ಪದ ಬೇಡ. ಪಾಶ್ಚಾತ್ಯ ಶೈಲಿಯಲ್ಲಿ ಕೆಲವು ಕಾರ್ಡ್ ಸರಣಿಗಳು ನೂರಾರು ಹಾಡುಗಳಲ್ಲಿವೆ, ಅವು ಯಾರ ಸ್ವತ್ತೂ ಅಲ್ಲ. ಒಂದೇ ರಾಗದಲ್ಲಿ ಎರಡು ಟ್ಯೂನ್ ಇದ್ದರೂ ಸಂಬಂಧಿಕರ ಹಾಗೆ ಕೇಳುತ್ತವೆ. ಮೆಲಡಿಯೇ ಸ್ವರಕ್ಕೆ ಸ್ವರ, ಲಯಕ್ಕೆ ಲಯ ಹೊಂದಿದರೆ ಆಗ ‘0:20ರ ಸಾಲು ನನಗೆ ಇಂಥ ಹಾಡನ್ನು ನೆನಪಿಸಿತು, ಒಮ್ಮೆ ಕೇಳಿ ನೋಡಿ’ ಎಂದು ಅವರೊಬ್ಬರಿಗೇ ಬರೆಯಿರಿ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಹಳೆಯ ಟ್ಯೂನ್ ತಲೆಯಲ್ಲಿ ಎಲ್ಲೋ ಕೂತಿದ್ದು, ತನ್ನದೇ ಎಂಬಂತೆ ಹೊರಬಂದಿರುತ್ತದೆ.

ನನ್ನದೇ ಟ್ಯೂನಿಗೆ ಒಳ್ಳೆಯ ಅಭಿಪ್ರಾಯ ಪಡೆಯುವುದು ಹೇಗೆ?

‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ‘1:15ರಿಂದ 1:50 ಉದ್ದವಾಯಿತಾ?’ ಎಂದು ಕೇಳಿ. ಇದು ಮುಗಿದದ್ದೋ ಕರಡೋ, ಯಾವುದಕ್ಕಾಗಿ ಮಾಡಿದ್ದು, ಅಷ್ಟು ಹೇಳಿ. ಆದರೆ ಕಥೆಯನ್ನೆಲ್ಲ ಮೊದಲೇ ಬಿಚ್ಚಿಡಬೇಡಿ. ‘ಇದು ಮಳೆಯಲ್ಲಿ ಅಗಲಿದ ಗೆಳೆಯರ ಬಗ್ಗೆ’ ಎಂದು ಹೇಳಿಬಿಟ್ಟರೆ ಎಲ್ಲರಿಗೂ ಮಳೆಯೇ ಕೇಳುತ್ತದೆ. ಸಂಗೀತ ಅದನ್ನು ತಾನಾಗಿ ಹೇಳಿತೋ ಇಲ್ಲವೋ ನಿಮಗೆ ತಿಳಿಯುವುದೇ ಇಲ್ಲ.

ಬಂದ ಮಾತುಗಳಲ್ಲಿ ಇಬ್ಬರು ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಆ ಜಾಗ ನೋಡಿ, ಅವರ ಕಾರಣಗಳು ಒಂದಕ್ಕೊಂದು ಹೊಂದದಿದ್ದರೂ ಸರಿ. ಒಬ್ಬರು ‘ತುಂಬ ನಿಧಾನ’ ಎನ್ನಬಹುದು, ಇನ್ನೊಬ್ಬರು ‘ಕೊಳಲು ಜಾಸ್ತಿ’ ಎನ್ನಬಹುದು. ಇಬ್ಬರಿಗೂ ಕಿರಿಕಿರಿ ಆದದ್ದು ಅದೇ ಹತ್ತು ಸೆಕೆಂಡಿನಲ್ಲಿ.

ತಿದ್ದಿ ಮತ್ತೆ ಕಳಿಸಿದ್ದಾರೆ. ಉತ್ತಮವಾಗಿದೆಯಾ ಎಂದು ಹೋಲಿಸುವುದು ಹೇಗೆ?

ಮೊದಲು ಎರಡರ ಸದ್ದನ್ನೂ ಸಮ ಮಾಡಿಕೊಳ್ಳಿ. ಒಂದೇ ಟ್ಯೂನನ್ನು ಸ್ವಲ್ಪ ಜೋರಾಗಿ ಕೇಳಿಸಿದರೂ ಕಿವಿ ಅದನ್ನೇ ‘ಉತ್ತಮ’ ಎಂದು ನಂಬುತ್ತದೆ. ತಿದ್ದುವವರು ಹೆಚ್ಚಾಗಿ ಸದ್ದನ್ನೂ ಏರಿಸಿರುತ್ತಾರೆ. ಮಟ್ಟ ಸಮವಾದ ಮೇಲೆ ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ, ನೀವು ಗುರುತು ಹಾಕಿದ್ದ ಜಾಗಗಳಲ್ಲಿ ಮಾತ್ರ ಕೇಳಿ. ಅವರು ನಿಮ್ಮ ಮಾತು ಕೇಳದೆ ಬೇರೆಯೇ ಏನೋ ಮಾಡಿದ್ದು, ಅದು ನಿಮ್ಮ ಸಲಹೆಗಿಂತ ಚೆನ್ನಾಗಿದ್ದರೆ ಅದನ್ನೂ ಬರೆದು ತಿಳಿಸಿ. ನಾನು ಡ್ರಮ್ ಹಾಕಿ ಎಂದ ಜಾಗದಲ್ಲಿ ಒಬ್ಬರು ನಾಲ್ಕು ಬಡಿತದ ಮೌನ ಇಟ್ಟು ಕಳಿಸಿದ್ದರು. ಈಗಲೂ ಆ ಟ್ಯೂನ್ ಹಾಕಿದಾಗ ಆ ಮೌನಕ್ಕಾಗಿ ಕಾಯುತ್ತೇನೆ.